ದೀಪದ ದುಡ್ಡಿನಲ್ಲಿ ಓಡಿದ ಬಸ್ಸು: ಬೆಸ್ಟ್ ಸಂಸ್ಥೆ ಮತ್ತು ವಿಕ್ರೋಳಿ

ಮುಂಬಯಿಯ ಉಪನಗರವಾದ ವಿಕ್ರೋಳಿಯಲ್ಲಿ ಬೆಸ್ಟ್ ಎಂದರೆ ಕೆಂಪು ಬಸ್ಸು. ಕೊಲಾಬಾದಿಂದ ಮಾಹಿಮ್ ಮತ್ತು ಸಾಯನ್‌ವರೆಗಿನ ಹಳೆಯ ಮುಂಬಯಿಯಲ್ಲಿ ಅದೇ ಹೆಸರು ಮನೆಮನೆಗೆ ಬರುವ ವಿದ್ಯುತ್ ಬಿಲ್ಲಿನ ಮೇಲೂ ಇರುತ್ತದೆ. ಉಪನಗರದ ಮನೆಗಳಿಗೆ ವಿದ್ಯುತ್ತು ಬೇರೆ ಕಂಪನಿಗಳಿಂದ ಬರುವುದರಿಂದ, ಬೆಸ್ಟ್‌ಗೆ ಇನ್ನೊಂದು ಮುಖವಿದೆ ಎಂಬುದು ವಿಕ್ರೋಳಿಯ ನಿತ್ಯ ಪ್ರಯಾಣಿಕರ ಗಮನಕ್ಕೆ ಬರುವ ಸಂದರ್ಭ ಕಡಿಮೆ. ಆದರೆ ನಗರದ ಅಂಚಿನ ಈ ಊರಿಗೆ ಅಗ್ಗದ ಬಸ್ಸು ಬಂದದ್ದು ಹೇಗೆ, ಅದು ದಶಕಗಳ ಕಾಲ ಉಳಿದದ್ದು ಯಾವ ಬಲದಿಂದ, ಇಂದು ಸೊರಗುತ್ತಿರುವುದು ಏಕೆ ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ದೀಪ ಮತ್ತು ಗಾಲಿಗಳ ಈ ಹಳೆಯ ಜೊತೆಯಲ್ಲಿಯೇ.

ಆ ಜೊತೆಗಿಂತ ಮೊದಲು ಮುಂಬಯಿಯ ಬೀದಿಗಳಲ್ಲಿ ಕುದುರೆಗಳಿದ್ದವು. 1873ರಲ್ಲಿ ಸ್ಥಾಪನೆಯಾದ ಬಾಂಬೆ ಟ್ರಾಮ್‌ವೇ ಕಂಪನಿಯು 1874ರ ಮೇ 9ರಂದು ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೂಲಕ ಪಾಯಧುನಿಗೆ ಮತ್ತು ಬೋರಿಬಂದರಿನಿಂದ ಪಾಯಧುನಿಗೆ ಟ್ರಾಮುಗಳನ್ನು, ಅಂದರೆ ಬೀದಿಯಲ್ಲೇ ಹುದುಗಿಸಿದ ಹಳಿಗಳ ಮೇಲೆ ಕುದುರೆಗಳು ಎಳೆಯುವ ಬಂಡಿಗಳನ್ನು, ಓಡಿಸಲಾರಂಭಿಸಿತು. ಮೊದಲಿಗೆ ಮೂರು ಆಣೆಯಿದ್ದ ದರ (ಹದಿನಾರು ಆಣೆ ಸೇರಿದರೆ ಒಂದು ರೂಪಾಯಿ) ಎರಡು ಆಣೆಗೆ ಇಳಿಯಿತು. 1905ರಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಆಂಡ್ ಟ್ರಾಮ್‌ವೇಸ್ ಕಂಪನಿ ಹುಟ್ಟಿ ಹಳೆಯ ಟ್ರಾಮ್ ವ್ಯವಹಾರವನ್ನು ವಹಿಸಿಕೊಂಡಿತು. ಈ ಉದ್ದನೆಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದಾಗ ಸಿಗುವುದೇ ‘ಬೆಸ್ಟ್’. ಹೊಸ ಕಂಪನಿ ತಯಾರಿಸಿದ ವಿದ್ಯುತ್ತು ದೀಪಗಳನ್ನು ಬೆಳಗಿಸಿದಂತೆ ಟ್ರಾಮನ್ನೂ ಎಳೆಯಬೇಕಾಗಿತ್ತು. 1907ರ ಮೇ ತಿಂಗಳಲ್ಲಿ ಮೊದಲ ವಿದ್ಯುತ್ ಟ್ರಾಮು ಓಡಿತು. ಎರಡು ವ್ಯವಹಾರಗಳು ಒಂದೇ ಸೂರಿನಡಿ ಸೇರಿದ್ದಕ್ಕೆ ಆಗ ಇದ್ದ ಕಾರಣ ಯಾಂತ್ರಿಕ ಅನುಕೂಲವೇ ಹೊರತು ಜನಹಿತದ ಯೋಚನೆಯಲ್ಲ. ಜನಹಿತದ ಅರ್ಥ ಅದಕ್ಕೆ ಬಂದದ್ದು ನಾಲ್ಕು ದಶಕಗಳ ನಂತರ.

ಮೋಟಾರು ಬಸ್ಸು ಬಂದದ್ದು 1926ರ ಜುಲೈ 15ರಂದು, ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ. ಆದರೆ ಆ ಕಾಲದ ಬಸ್ಸು ಕೂಲಿಕಾರರಿಗೂ ಹೋಟೆಲ್ ಮಾಣಿಗಳಿಗೂ ಎಟುಕುತ್ತಿರಲಿಲ್ಲ. ಸಸೂನ್ ಡಾಕ್‌ನಿಂದ ದಾದರಿಗೆ ಟ್ರಾಮಿನಲ್ಲಿ ಒಂದೂವರೆ ಆಣೆ ಸಾಕಾಗುತ್ತಿದ್ದರೆ, ಅಷ್ಟೇ ದೂರಕ್ಕೆ ಬಸ್ಸಿನಲ್ಲಿ ನಾಲ್ಕು ಆಣೆ ತೆರಬೇಕಿತ್ತು. ಹೀಗಾಗಿ ಹಲವು ವರ್ಷ ಟ್ರಾಮು ಬಡವರ ವಾಹನವಾಗಿಯೂ ಬಸ್ಸು ಉಳ್ಳವರ ವಾಹನವಾಗಿಯೂ ಉಳಿದವು. 1934ರಲ್ಲಿ ಬಸ್ಸುಗಳು ನಗರದ ಉತ್ತರ ಭಾಗಕ್ಕೆ ಚಾಚಿಕೊಂಡವು, 1937ರಲ್ಲಿ ಡಬಲ್ ಡೆಕ್ಕರ್, ಅಂದರೆ ಎರಡಂತಸ್ತಿನ ಬಸ್ಸು ಬಂತು, 1940ರಲ್ಲಿ ಕೊಲಾಬಾ ಮತ್ತು ಮಾಹಿಮ್ ನಡುವೆ, ಆಯ್ದ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುವ ‘ಲಿಮಿಟೆಡ್’ ಸೇವೆ ಆರಂಭವಾಯಿತು.

ಸ್ವಾತಂತ್ರ್ಯಕ್ಕೆ ಎಂಟು ದಿನ ಮೊದಲು, 1947ರ ಆಗಸ್ಟ್ 7ರಂದು, ನಗರಪಾಲಿಕೆ ಈ ಕಂಪನಿಯನ್ನು ತನ್ನ ಸ್ವಾಧೀನಕ್ಕೆ ತೆಗೆದುಕೊಂಡಿತು. ಆಗ ಇದ್ದದ್ದು 242 ಬಸ್ಸುಗಳು, 23 ಮಾರ್ಗಗಳು, ದಿನಕ್ಕೆ ಸುಮಾರು 2,38,000 ಪ್ರಯಾಣಿಕರು. ಲಾಭಕ್ಕಾಗಿ ನಡೆಯುತ್ತಿದ್ದ ಕಂಪನಿ ಈಗ ಪಾಲಿಕೆಯ ‘ಉಪಕ್ರಮ’ವಾಯಿತು, ಅಂದರೆ ತನ್ನದೇ ಲೆಕ್ಕಪತ್ರವಿದ್ದರೂ ನಗರದ ಚುನಾಯಿತ ಸಭೆಗೆ ಉತ್ತರ ಹೇಳಬೇಕಾದ ಸಂಸ್ಥೆಯಾಯಿತು. 1964ರ ಮಾರ್ಚ್ 31ರಂದು ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಹೋದ ನಂತರ, ಟ್ರಾಮು ಹೊರುತ್ತಿದ್ದ ಬಡವರ ಭಾರವೆಲ್ಲ ಬಸ್ಸಿನ ಹೆಗಲಿಗೆ ಬಿತ್ತು.

ಈ ನಡುವೆ ನಗರವೇ ಉತ್ತರಕ್ಕೆ ಸರಿದಿತ್ತು. 1950ರಲ್ಲಿ ಪಾಲಿಕೆಯ ಎಲ್ಲೆ ಮಧ್ಯ ರೈಲ್ವೆಯ ಬದಿಯಲ್ಲಿ ಭಾಂಡೂಪ್‌ವರೆಗೆ ವಿಸ್ತರಿಸಿದಾಗ ಘಾಟ್‌ಕೋಪರ್ ಮತ್ತು ಭಾಂಡೂಪ್‌ಗಳ ನಡುವಿನ ವಿಕ್ರೋಳಿ ನಗರದೊಳಗೆ ಬಂತು. 1957ರಲ್ಲಿ ಎಲ್ಲೆ ಮುಲುಂಡ್ ಮುಟ್ಟಿತು. ಖಾರಿಯ ಕಾಂಡ್ಲಾ ಕಾಡಿಗೂ ಪವಯಿಯ ಗುಡ್ಡಗಳಿಗೂ ನಡುವೆ ಇದ್ದ ಈ ಸೀಮೆಯಲ್ಲಿ ಗೋದ್ರೇಜ್ ಸಂಸ್ಥೆ 1940ರ ದಶಕದಲ್ಲಿ ವಿಶಾಲವಾದ ಭೂಮಿ ಕೊಂಡು ಕಾರ್ಖಾನೆಗಳನ್ನು ಕಟ್ಟಿತು. 1951–52ರ ಮೊದಲ ಸಾರ್ವತ್ರಿಕ ಚುನಾವಣೆಯ ಲಕ್ಷಾಂತರ ಉಕ್ಕಿನ ಮತಪೆಟ್ಟಿಗೆಗಳು ತಯಾರಾದದ್ದು ಇಲ್ಲಿಯೇ. ಕಾರ್ಖಾನೆಗಳ ಬೆನ್ನಿಗೇ ವಸತಿ ಬಂತು: ಪೂರ್ವದಲ್ಲಿ ಟಾಗೋರ್ ನಗರ ಮತ್ತು ಕನ್ನಮವಾರ್ ನಗರ, ಪಶ್ಚಿಮದಲ್ಲಿ ಪಾರ್ಕ್‌ಸೈಟ್. ಕನ್ನಮವಾರ್ ಎಂಬ ಹೆಸರು ಕನ್ನಡದ ಕಿವಿಯನ್ನು ಸಹಜವಾಗಿ ನಿಲ್ಲಿಸುತ್ತದೆ, ಆದರೆ ಅದಕ್ಕೂ ಕನ್ನಡಕ್ಕೂ ನಂಟಿಲ್ಲ. 1962–63ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಮಾರೋತರಾವ್ ಕನ್ನಮವಾರರ ನೆನಪಿನ ಬಡಾವಣೆಯದು.

ಊರಿನ ರಚನೆಯೇ ಬಸ್ಸನ್ನು ಅನಿವಾರ್ಯವಾಗಿಸಿತು. ರೈಲು ಹಳಿ, ಹಳೆಯ ಆಗ್ರಾ ರಸ್ತೆಯಾದ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗ, ಪೂರ್ವ ದ್ರುತಗತಿ ಹೆದ್ದಾರಿ, ಈ ಮೂರೂ ಉತ್ತರ ದಕ್ಷಿಣವಾಗಿ ಸಾಗುವುದರಿಂದ ದಕ್ಷಿಣದ ನಗರಕ್ಕೆ ಹೋಗುವುದು ಸುಲಭವಿತ್ತು. ಪಶ್ಚಿಮದ ಅಂಧೇರಿ, ಜೋಗೇಶ್ವರಿಗಳ ಕೈಗಾರಿಕಾ ವಸಾಹತುಗಳಿಗೆ ಮಾತ್ರ ನೇರ ರೈಲು ಇರಲಿಲ್ಲ. ಆ ಕೊರತೆ ತುಂಬಿದ್ದು ಬಸ್ಸು. ಬೆಸ್ಟ್ ಮಾರ್ಗಗಳ ಸಂಖ್ಯೆಗಳಲ್ಲಿ ಈ ಭೂಗೋಳವನ್ನು ಓದಬಹುದು: ಇನ್ನೂರರ ಸಾಲಿನವು ಸಾಮಾನ್ಯವಾಗಿ ಪಶ್ಚಿಮ ಉಪನಗರದವು, ಮುನ್ನೂರರವು ಪೂರ್ವ ಉಪನಗರದವು, ನಾನೂರರವು ಈ ಎರಡನ್ನೂ ಹೊಲಿಯುವಂಥವು, ಐನೂರರವು ಖಾರಿಯಾಚೆಯ ನವಿ ಮುಂಬಯಿಗೆ ಹೋಗುವಂಥವು. ಪವಯಿ ಕೆರೆಯ ಮಗ್ಗುಲಲ್ಲಿ ಹಾಯುವ ಜೋಗೇಶ್ವರಿ–ವಿಕ್ರೋಳಿ ಲಿಂಕ್ ರಸ್ತೆ ಅಗಲವಾದ ಮೇಲಂತೂ ಪೂರ್ವ ಪಶ್ಚಿಮಗಳ ಈ ಹೊಲಿಗೆಗೆ ವಿಕ್ರೋಳಿಯೇ ಒಂದು ತುದಿಯಾಯಿತು. ಬಸ್ಸುಗಳು ರಾತ್ರಿ ತಂಗಿ, ತೊಳೆಸಿಕೊಂಡು, ರಿಪೇರಿಯಾಗಿ ಬೆಳಗ್ಗೆ ಹೊರಡುವ ಡಿಪೋ ಕೂಡ ಇಲ್ಲಿದೆ. ಮರಾಠಿಯಲ್ಲಿ ಅದಕ್ಕೆ ‘ಆಗಾರ’ ಎನ್ನುತ್ತಾರೆ.

ಬಹುಕಾಲ ಬಸ್ಸಿನ ಹಣೆಯ ಮೇಲಿನ ಅಂಕಿ ದೇವನಾಗರಿಯಲ್ಲಿರುತ್ತಿತ್ತು, ಇಂಗ್ಲಿಷ್ ಅಂಕಿ ಬಸ್ಸಿನ ಮಗ್ಗುಲಲ್ಲಿ. ಬಸ್ಸು ನಿಲ್ಲುವ ಮೊದಲೇ ಅದರ ಸಂಖ್ಯೆಯನ್ನು ಗುರುತಿಸಬೇಕಾದ್ದರಿಂದ, ಊರಿಂದ ಹೊಸದಾಗಿ ಬಂದವರಿಗೆ ದೇವನಾಗರಿ ಅಂಕಿಗಳೇ ಮುಂಬಯಿಯ ಮೊದಲ ಪಾಠವಾಗಿದ್ದವು. ಅವುಗಳಲ್ಲಿ ಕೆಲವು ಕನ್ನಡದ ಅಂಕಿಗಳನ್ನೇ ಹೋಲುವುದರಿಂದ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಅವು ಬೇಗ ಕೈಗೆ ಹತ್ತಿದರೂ ಉಳಿದವಕ್ಕೆ ಅಭ್ಯಾಸ ಬೇಕಿತ್ತು. ಬಹುಕಾಲದ ರೂಢಿಯಂತೆ ಜನ ಸಾಲಿನಲ್ಲಿ ನಿಂತು ಹಿಂದಿನ ಬಾಗಿಲಿನಿಂದ ಹತ್ತಿ ಮುಂದಿನ ಬಾಗಿಲಿನಿಂದ ಇಳಿಯುತ್ತಿದ್ದರು. ಕಂಡಕ್ಟರನ ಕೈಯಲ್ಲಿ ತಗಡಿನ ಉದ್ದನೆಯ ಪೆಟ್ಟಿಗೆ, ಅದರಲ್ಲಿ ದರಕ್ಕೊಂದು ಬಣ್ಣದ ಟಿಕೇಟು ಕಟ್ಟುಗಳು, ಬೆರಳಿಗೆ ಸಿಕ್ಕಿಸಿದ ಪಂಚು. ಆ ಪಂಚನ್ನು ಪೆಟ್ಟಿಗೆಗೆ ಟಕಟಕ ಬಡಿಯುತ್ತ ಅವನು ಮುಂದೆ ಸರಿದರೆ ಬಾಯಿ ತೆರೆಯಬೇಕಾದ ಅಗತ್ಯವೇ ಇರಲಿಲ್ಲ. ಹಗ್ಗ ಎಳೆದರೆ ಚಾಲಕನ ಬಳಿ ಗಂಟೆ: ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು.

ಈ ಸಂಸ್ಥೆಯ ಚರಿತ್ರೆಯಲ್ಲಿ ಕರ್ನಾಟಕ ಕರಾವಳಿಯವರ ಪಾಲು ಟಿಕೇಟು ಕೊಂಡವರದು ಮಾತ್ರವಲ್ಲ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಬರಿಗೈಯಲ್ಲಿ ಮುಂಬಯಿ ಸೇರಿದ ಜಾರ್ಜ್ ಫರ್ನಾಂಡಿಸ್, ಪಾಲಿಕೆಯ ನೌಕರರು, ಟ್ಯಾಕ್ಸಿ ಚಾಲಕರು ಮತ್ತು ಬೆಸ್ಟ್ ಕಾರ್ಮಿಕರನ್ನು ಸಂಘಟಿಸಿ 1950 ಮತ್ತು 60ರ ದಶಕಗಳಲ್ಲಿ ನಗರದ ಸಂಚಾರವನ್ನೇ ನಿಲ್ಲಿಸಬಲ್ಲ ನಾಯಕರಾದರು. ದುಡಿಯುವವರ ಈ ಬೆಂಬಲವೇ 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಲು ಅವರಿಗೆ ನೆರವಾಯಿತು. ಬಸ್ಸು ಓಡಿಸುವವನ ಸಂಬಳವೂ ಬಸ್ಸು ಹತ್ತುವವನ ದರವೂ ಒಂದೇ ಗಂಟಿನಿಂದ ಬರಬೇಕೆಂಬುದು ಆ ಹೋರಾಟಗಳ ಕಾಲದಲ್ಲಿಯೇ ಸ್ಪಷ್ಟವಾಗಿತ್ತು.

ಆ ಗಂಟು ಯಾವುದು ಎಂಬುದೇ ಮುಖ್ಯ. ಬಸ್ಸಿನ ದರ ಖರ್ಚನ್ನು ಪೂರ್ತಿಯಾಗಿ ತುಂಬಲಿಲ್ಲ. ತುಂಬುವಂತೆ ಏರಿಸಿದರೆ ಕಾರ್ಮಿಕನಿಗೆ ನಡೆದೇ ಹೋಗಬೇಕಾಗುತ್ತಿತ್ತು. ಆ ಕೊರತೆಯನ್ನು ದಶಕಗಳ ಕಾಲ ತುಂಬಿದ್ದು ವಿದ್ಯುತ್ ವಿಭಾಗದ ಮಿಗತೆ. ಕೋಟೆ ಪ್ರದೇಶದ ಕಚೇರಿ, ಅಂಗಡಿಗಳ ದೀಪ ಮತ್ತು ಏಸಿಗಳ ಬಿಲ್ಲಿನಲ್ಲಿ ಒಂದು ಪಾಲು ಕನ್ನಮವಾರ್ ನಗರದಿಂದ ಹೊರಡುವ ಬಸ್ಸಿನ ಡೀಸೆಲ್ಲಿಗೆ ಹೋಗುತ್ತಿತ್ತು. ನಗರದ ಸಿರಿವಂತ ತುದಿ ದುಡಿಯುವ ತುದಿಯ ಪ್ರಯಾಣವನ್ನು ಹೀಗೆ ಹೊತ್ತದ್ದು ಮುಂಬಯಿಯ ಆಡಳಿತದ ದೊಡ್ಡ ಸಾಧನೆಗಳಲ್ಲೊಂದು, ಮತ್ತು ಅದಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. 2003ರ ವಿದ್ಯುತ್ ಕಾಯ್ದೆಯ ನಂತರ, ವಿದ್ಯುತ್ ಗ್ರಾಹಕನ ಹಣ ಸಾರಿಗೆಗೇಕೆ ಎಂಬ ಪ್ರಶ್ನೆ ನಿಯಂತ್ರಣ ಆಯೋಗದ ಮುಂದೆ ಬಂತು, ಇನ್ನೊಂದು ಕಂಪನಿಯೊಡನೆ ಪೈಪೋಟಿಯೂ ಬಂತು, ಕೊನೆಗೆ ಆ ಹರಿವು ನಿಂತುಹೋಯಿತು. ನಿಂತದ್ದರ ಬದಲಿಗೆ ಅಷ್ಟೇ ಭದ್ರವಾದ ಇನ್ನೊಂದು ಆದಾಯವನ್ನು ಮಾತ್ರ ಯಾರೂ ಕಟ್ಟಿಕೊಡಲಿಲ್ಲ.

ಪರಿಣಾಮ ಬೇಗನೆ ಕಂಡಿತು. 2019ರ ಜನವರಿ 8ರಿಂದ ಒಂಬತ್ತು ದಿನ ನಡೆದ ಮುಷ್ಕರ ಬೆಸ್ಟ್ ಇತಿಹಾಸದಲ್ಲಿಯೇ ದೀರ್ಘವಾದದ್ದು. ಅದು ಮುಗಿದ ಎರಡು ವಾರದೊಳಗೆ, ಜನವರಿ 29ರಂದು, ಜಾರ್ಜ್ ಫರ್ನಾಂಡಿಸ್ ತೀರಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಲಾಯಿತು, ಪ್ರಯಾಣಿಕರು ಮರಳಿ ಬಂದರು. ಆದರೆ ಒಂದು ಕಾಲಕ್ಕೆ 4,000 ದಾಟಿದ್ದ ಸ್ವಂತ ಬಸ್ಸುಗಳು ಹಳತಾಗಿ ಕಳಚಿದಂತೆ ಅವುಗಳ ಜಾಗಕ್ಕೆ ‘ವೆಟ್ ಲೀಸ್’ ಬಸ್ಸುಗಳು ಬಂದವು. ಬಸ್ಸು, ಚಾಲಕ, ರಿಪೇರಿ ಎಲ್ಲ ಗುತ್ತಿಗೆದಾರನದು, ಕಿಲೋಮೀಟರಿಗೆ ಇಂತಿಷ್ಟು ಎಂದು ಬೆಸ್ಟ್ ಹಣ ಕೊಡುವುದು. 2023ರ ಸೆಪ್ಟೆಂಬರಿನಲ್ಲಿ ಡೀಸೆಲ್ಲಿನ ಹಳೆಯ ಡಬಲ್ ಡೆಕ್ಕರುಗಳು ಬೀದಿಯಿಂದ ಮರೆಯಾದವು. 2025ರ ಮೇ ತಿಂಗಳಲ್ಲಿ ಕನಿಷ್ಠ ದರ 5ರಿಂದ 10 ರೂಪಾಯಿಗೆ, ಏಸಿ ಬಸ್ಸಿನಲ್ಲಿ 6ರಿಂದ 12ಕ್ಕೆ ಏರಿತು.

ಅದರ ಮರುತಿಂಗಳು, ಜೂನ್ 14ರಂದು, ವಿಕ್ರೋಳಿಯ ಪೂರ್ವ ಪಶ್ಚಿಮಗಳನ್ನು ಕೂಡಿಸುವ ರೈಲ್ವೆ ಮೇಲ್ಸೇತುವೆ ವಾಹನಗಳಿಗೆ ತೆರೆಯಿತು. ಅಲ್ಲಿಯವರೆಗೆ ಹಳಿಯ ಈಚೆಯಿಂದ ಆಚೆಗೆ ಹೋಗಬೇಕಾದ ವಾಹನ ಘಾಟ್‌ಕೋಪರನ್ನೋ ಲಿಂಕ್ ರಸ್ತೆಯನ್ನೋ ಸುತ್ತಬೇಕಿತ್ತು. ಸೇತುವೆಯ ಖರ್ಚನ್ನು ಅದರ ಮೇಲೆ ಹೋಗುವವರಿಂದ ಪಾಲಿಕೆ ವಸೂಲು ಮಾಡುವುದಿಲ್ಲ. ನಗರದ ಬೊಕ್ಕಸವೇ ಅದನ್ನು ಬಹುಮಟ್ಟಿಗೆ ಭರಿಸಿದೆ. ಆ ಸೇತುವೆಯ ಮೇಲೆ ಓಡಬೇಕಾದ ಬಸ್ಸಿನ ಕೊರತೆಯನ್ನೂ, ದೀಪದ ದುಡ್ಡು ನಿಂತುಹೋದ ಈ ಕಾಲದಲ್ಲಿ, ಅದೇ ಬೊಕ್ಕಸ ವರ್ಷವರ್ಷವೂ ತಪ್ಪದೆ ಹೊರಬೇಕು.