ಅಣ್ಣಾವ್ರು, ಅಪ್ಪು: ಒಂದೇ ಊರು, ಎರಡು ಬಗೆಯ ಶೋಕ

ವರನಟ ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಸುದ್ದಿ ಹಬ್ಬುತ್ತಿದ್ದಂತೆ ಜನ ಬೀದಿಗಿಳಿದರು. ಅಣ್ಣಾವ್ರ ಮುಖ ಕೊನೇ ಸಲ ನೋಡೋಕೆ ಬಂದ ಜನಸಾಗರವನ್ನು ಸಂಭಾಳಿಸಲು ಆಗಲೇ ಇಲ್ಲ. ಕಲ್ಲು ತೂರಾಟ, ಬೆಂಕಿ, ಲಾಠಿ ಪ್ರಹಾರ, ಕೊನೆಗೆ ಗೋಲಿಬಾರ್. ಒಬ್ಬ ಪೊಲೀಸ್ ಸೇರಿ 8 ಮಂದಿ ಸತ್ತರು.

2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಮತ್ತೆ ಅದೇ ಭಯ. ಈ ಬಾರಿ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಲ್ಲಿಟ್ಟು ಸಾರ್ವಜನಿಕ ದರ್ಶನಕ್ಕೆ ಅವಕಾಶ ಕೊಡಲಾಯಿತು. ನಗರದಲ್ಲಿ ಮದ್ಯ ಮಾರಾಟ ಬಂದ್ ಆಯಿತು. ಮಗಳು ಅಮೆರಿಕದಿಂದ ಬರಬೇಕಿದ್ದರಿಂದ ಅಂತ್ಯಕ್ರಿಯೆ ಒಂದು ದಿನ ಮುಂದಕ್ಕೆ ಹೋಯಿತು. ಊರೂರಿಂದ ಬಂದವರಿಗೂ ಸರದಿಯಲ್ಲಿ ನಿಂತು ನೋಡೋಕೆ ಸಮಯ ಸಿಕ್ಕಿತು. 31ರ ಬೆಳಗ್ಗೆ ಕಂಠೀರವ ಸ್ಟುಡಿಯೋದಲ್ಲಿ, ಅಪ್ಪ-ಅಮ್ಮನ ಸಮಾಧಿ ಬಳಿಯೇ ಅಪ್ಪುವನ್ನು ಮಣ್ಣು ಮಾಡಲಾಯಿತು.

ಅಪ್ಪ, ಮಗ ಇಬ್ಬರ ಕಣ್ಣುಗಳೂ ದಾನವಾದವು. ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ಅಭಿಮಾನಿಗಳು ಸಾಲುಸಾಲಾಗಿ ನೇತ್ರದಾನಕ್ಕೆ ಹೆಸರು ಬರೆಸಿದರು. ಸಾವಿನ ಬಳಿಕ ಸುಮಾರು 6 ಗಂಟೆಯೊಳಗೆ ಕಣ್ಣು ಪಡೆಯಬೇಕು. ಹಾಗಾಗಿ ಹೆಸರು ಬರೆಸಿದವರು ಮನೆಯವರಿಗೂ ಮೊದಲೇ ಹೇಳಿಟ್ಟಿರಬೇಕು.