ಬರ ಅಳೆದ ಬಗೆ

ನಮ್ಮ ಹಿರಿಯರು ಮಳೆಯನ್ನು ಹದದ ಲೆಕ್ಕದಲ್ಲಿ ಅಳೆಯುತ್ತಿದ್ದರು. "ಒಂದು ಹದ ಆಯ್ತು" ಅಂದರೆ ನೇಗಿಲು ಹೂಡಬಹುದು ಎಂದರ್ಥ. ಸರ್ಕಾರದ ಲೆಕ್ಕವೇ ಬೇರೆ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿದ ಮೇಲೆ ಮಳೆಯ ದಾಖಲೆ ಒಂದು ಕ್ರಮಕ್ಕೆ ಬಂತು. ಆದರೆ ಮಾಪಕ ಹೆಚ್ಚಾಗಿ ಇದ್ದದ್ದು ತಾಲ್ಲೂಕು ಕೇಂದ್ರದಲ್ಲಿ. ಅಲ್ಲಿ ಸುರಿದು ಇಲ್ಲಿ ಹೊಲ ಒಣಗಿದರೂ ಕಾಗದದ ಮೇಲೆ ನಮಗೂ ಮಳೆ ಬಂದಂತೆಯೇ!

1988ರಲ್ಲಿ ಬರದ ಮೇಲೆ ಕಣ್ಣಿಡಲೆಂದೇ ನಮ್ಮ ರಾಜ್ಯದಲ್ಲಿ ಒಂದು ಕೋಶ ಆರಂಭವಾಯಿತು. ಮುಂದೆ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಸ್ವಯಂಚಾಲಿತ ಮಳೆಮಾಪಕಗಳು ಬಂದವು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಾಡಿಕೆ ಮಳೆ ಶೇ. 26ರಿಂದ 50ರಷ್ಟು ಕಡಿಮೆಯಾದರೆ ಸಾಧಾರಣ ಬರ, ಅದಕ್ಕೂ ಮೀರಿದರೆ ತೀವ್ರ ಬರ.

ಮಳೆಯೊಂದನ್ನೇ ನೋಡಿದರೆ ಸಾಲದು. ಬಿಸಿಲು ಜಾಸ್ತಿಯಾದರೆ ಬಿದ್ದ ಮಳೆಯೂ ಬೇಗ ಆರಿಹೋಗುತ್ತದೆ. ಉಷ್ಣಾಂಶದಿಂದ ಇದನ್ನು ಅಂದಾಜು ಮಾಡುವ ಸೂತ್ರವನ್ನು 1948ರಲ್ಲಿ ಅಮೆರಿಕದ ಥಾರ್ನ್‌ತ್ವೇಟ್ ಕೊಟ್ಟರು. ಮಳೆಯಿಂದ ಅದನ್ನು ಕಳೆದು ಬರ ಅಳೆಯುವ ಸೂಚ್ಯಂಕವನ್ನು 2010ರಲ್ಲಿ ಸ್ಪೇನಿನ ವಿಜ್ಞಾನಿಗಳು ರೂಪಿಸಿದರು.

ಬರ ಘೋಷಣೆಯಾದಾಗ ಬೆಳೆಸಾಲದ ಅವಧಿ ವಿಸ್ತರಿಸಲು ಅವಕಾಶವಿರುತ್ತದೆ. ಹಾಗಾಗಿ ಮಾಪಕದ ಲೆಕ್ಕ ನಮ್ಮ ಸಂಘದ ಲೆಡ್ಜರಿಗೂ ತಾಕುತ್ತದೆ. ಅದರ ಪಕ್ಕ ಗಿಡ ಬೆಳೆಯದಂತೆ, ಯಾರೂ ದನ ಕಟ್ಟದಂತೆ ನೋಡಿಕೊಳ್ಳೋಣ. ಅದೂ ನಮ್ಮೆಲ್ಲರ ಆಸ್ತಿಯೇ.