ರಾಯಚೂರು ಸೀಮೆಯಲ್ಲಿ ಮುಚ್ಚಿದ ಶಾಲೆಗಳು: ಉಪಾಧ್ಯಾಯರ ಮುಷ್ಕರವೂ ಸಂಸಾರಗಳ ಸ್ಥಿತಿಯೂ

1

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯು ರಾಜಕೀಯ ಇತಿಹಾಸದಲ್ಲಿ ಯುದ್ಧಭೂಮಿಯೆಂದು ಪ್ರಸಿದ್ಧವಾಗಿದೆ. ವಿದ್ಯೆಯ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವಿಲ್ಲದಿಲ್ಲ. ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ಪ್ರಮುಖರಲ್ಲಿ ವಿಜಯದಾಸರು ಮಾನವಿ ಸೀಮೆಯ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಜಗನ್ನಾಥದಾಸರು ಮಾನವಿಯಲ್ಲಿಯೇ ನೆಲೆಸಿದವರು. ಇಂಥ ನೆಲದಲ್ಲಿ 2011ರ ಜನಗಣತಿಯಂತೆ ಸಾಕ್ಷರತೆಯು ನೂರಕ್ಕೆ 59.6 ಮಾತ್ರ, ಸ್ತ್ರೀಯರಲ್ಲಿ ಅದು 48.7. ಅದೇ ವರ್ಷ ರಾಜ್ಯದ ಸರಾಸರಿಯು 75.4 ಆಗಿದ್ದಿತು. ಈ ಅಂತರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು, ಎಂದರೆ ಶಾಲೆಯ ಬಾಗಿಲು ಆಗಾಗ ಮುಚ್ಚುತ್ತ ಬಂದುದನ್ನು, ಇಲ್ಲಿ ವಿವೇಚಿಸಲಾಗಿದೆ.

ಶಾಲೆ ಮುಚ್ಚಿತೆಂದೊಡನೆ ಉಪಾಧ್ಯಾಯರ ಮುಷ್ಕರವು ನೆನಪಿಗೆ ಬರುವುದು ಇಂದಿನ ರೂಢಿ. ಮುಷ್ಕರವನ್ನು ಒಪ್ಪುವವರು ವೇತನದ ನ್ಯಾಯವನ್ನೂ, ಒಪ್ಪದವರು ಮಕ್ಕಳ ನಷ್ಟವನ್ನೂ ಮುಂದಿಡುತ್ತಾರೆ. ಈ ವಾದದಲ್ಲಿ ಲೇಖಕನೂ ಈ ಸಂಚಿಕೆಯ ಓದುಗರಲ್ಲಿ ಬಹುಮಂದಿಯೂ ಪಕ್ಷಗಾರರೇ ಆಗಿರುವುದರಿಂದ, ಇತಿಹಾಸದ ಸಾಕ್ಷ್ಯವನ್ನು ತುಸು ದೂರ ನಿಂತು ನೋಡುವುದು ಅವಶ್ಯ. ಕೇಳಬೇಕಾದ ಪ್ರಶ್ನೆಗಳು ಎರಡು: ಈ ಸೀಮೆಯಲ್ಲಿ ಶಾಲೆಗಳು ಯಾವ ಯಾವ ಕಾರಣಗಳಿಂದ ಮುಚ್ಚಿದವು? ಮುಚ್ಚಿದಾಗ ಅದರ ಭಾರವನ್ನು ಹೊತ್ತವರು ಯಾರು?

2

ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಹಳ್ಳಿಯ ಶಾಲೆಯೆಂದರೆ ಬಹುಮಟ್ಟಿಗೆ ಐಗಳ ಶಾಲೆ. ಗುಡಿಯ ಪೌಳಿಯಲ್ಲಿಯೋ ಮಠದಲ್ಲಿಯೋ ಅದು ನಡೆಯುತ್ತಿತ್ತು. ಐಗಳಿಗೆ ಸಂಬಳವೆಂಬುದಿರಲಿಲ್ಲ, ಸುಗ್ಗಿಯಲ್ಲಿ ಮನೆಮನೆಯಿಂದ ಜೋಳ, ಹಬ್ಬದಲ್ಲಿ ಕಾಣಿಕೆ, ಇಷ್ಟೇ ಅವರ ವರಮಾನ. ಬರ ಬಂದರೆ ಜೋಳವಿಲ್ಲ; ಜೋಳವಿಲ್ಲದಿದ್ದರೆ ಐಗಳೂ ಇಲ್ಲ. ಇಂಥ ವ್ಯವಸ್ಥೆಯಲ್ಲಿ ಮುಷ್ಕರಕ್ಕೆ ಅವಕಾಶವೇ ಇರಲಿಲ್ಲವೆಂಬುದು ಸ್ಪಷ್ಟ. ಶಾಲೆಯ ನಡೆಯುವಿಕೆ ಮುಚ್ಚುವಿಕೆಗಳು ಐಗಳಿಗೂ ಊರಿನ ಸಂಸಾರಗಳಿಗೂ ಸಂಬಂಧಿಸಿದ ವಿಷಯಗಳಾಗಿದ್ದುವು.

ಸರಕಾರದ ಶಾಲೆಗಳು ಇದ್ದೆಡೆಗಳಲ್ಲಿ ಭಾಷೆಯೇ ಅಡ್ಡಿಯಾಗಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನಭಾಷೆಯಾಗಿ ಅಂಗೀಕರಿಸಿತು. ಕೆಳಗಿನ ತರಗತಿಗಳೂ ಅದೇ ದಾರಿಗೆ ಹೊಂದಿಕೊಳ್ಳಬೇಕಾಯಿತು. 1920ರ ದಶಕದಲ್ಲಿ ಖಾಸಗಿ ಶಾಲೆಗಳಿಗೆ ಸರಕಾರದ ಪೂರ್ವಾನುಮತಿಯು ಕಡ್ಡಾಯವಾದ ಮೇಲೆ ಕನ್ನಡ ಕಲಿಸುವ ಸಣ್ಣ ಶಾಲೆಗಳ ಬದುಕು ಇನ್ನೂ ಕಠಿನವಾಯಿತು. ಇದೇ ದಶಕದ ಆರಂಭದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ತೆರೆದುದು ಗಮನಾರ್ಹವಾದ ಸಂಗತಿ. ಮುಂದೆ ಅವರು ಸಂಸ್ಥಾನದ ಮೇರೆಯ ಹೊರಗೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನವನ್ನು ಕಟ್ಟಿಕೊಂಡರು. ಈ ಕಾಲದಲ್ಲಿ ಶಾಲೆಯನ್ನು ಮುಚ್ಚಿಸಬಲ್ಲ ಶಕ್ತಿಗಳು ಬರ ಮತ್ತು ಪ್ರಭುತ್ವ, ಇವೆರಡೇ. 1951ರ ಜನಗಣತಿಯ ವೇಳೆಗೂ ಹೈದರಾಬಾದು ರಾಜ್ಯದ ಸಾಕ್ಷರತೆಯು ನೂರಕ್ಕೆ ಹತ್ತನ್ನು ಮುಟ್ಟಿರಲಿಲ್ಲ.

3

ಮುಷ್ಕರವೆಂಬ ಪದವು ಈ ಪ್ರಾಂತದ ವಿದ್ಯಾಲಯಗಳನ್ನು ಪ್ರವೇಶಿಸಿದುದು ವಿದ್ಯಾರ್ಥಿಗಳ ಮೂಲಕ. 1938ರ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ವಂದೇ ಮಾತರಂ ಗೀತೆಗೆ ನಿಷೇಧ ಬಂದಾಗ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಬಂದರು. ಗುಲಬರ್ಗೆಯ ಕಾಲೇಜಿಗೂ ಈ ಚಳವಳಿ ಹಬ್ಬಿತು. ನೂರಾರು ಮಂದಿ ಹೊರಹಾಕಲ್ಪಟ್ಟರು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯವು ಆಶ್ರಯವಿತ್ತಿತು. ದೂರದ ನಾಗಪುರಕ್ಕೆ ಮಗನನ್ನು ಕಳುಹಬಲ್ಲ ಮನೆಗಳ ಓದು ಮುಂದುವರಿಯಿತು. ಆ ಶಕ್ತಿಯಿಲ್ಲದ ಮನೆಗಳ ಓದು ಅಲ್ಲಿಗೇ ನಿಲ್ಲುವ ಗಂಡಾಂತರವಿದ್ದಿತು. ಒಂದೇ ಬಹಿಷ್ಕಾರವು ಉಳ್ಳವರಿಗೆ ಒಂದು ಬಗೆಯಾಗಿಯೂ ಇಲ್ಲದವರಿಗೆ ಇನ್ನೊಂದು ಬಗೆಯಾಗಿಯೂ ತಟ್ಟುವುದನ್ನು ಇಲ್ಲಿಯೇ ಮೊದಲು ಕಾಣುತ್ತೇವೆ.

ಸಂಸ್ಥಾನದ ಚಳವಳಿಯ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಮೂಲತಃ ಉಪಾಧ್ಯಾಯರು. ಹಿಪ್ಪರಗಿಯ ರಾಷ್ಟ್ರೀಯ ಶಾಲೆಯಲ್ಲಿ ಕಲಿಸಿದವರು. 1947-48ರಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಹೋರಾಟವು ತೀವ್ರವಾದಾಗ ರಾಯಚೂರು ಜಿಲ್ಲೆಯ ತರುಣರು ಶಾಲೆ ಕಾಲೇಜುಗಳನ್ನು ತೊರೆದು ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಶಿಬಿರಗಳನ್ನು ಸೇರಿದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ಈ ಭಾಗದಲ್ಲಿ ಪಾಠವು ಸುಸೂತ್ರವಾಗಿ ನಡೆಯುವ ಸಂಭವವೇ ಇರಲಿಲ್ಲ. ಆ ಒಂದು ವರ್ಷದ ನಷ್ಟವನ್ನು ಜನರು ನಷ್ಟವೆಂದು ಎಣಿಸದೆ ತ್ಯಾಗವೆಂದು ಎಣಿಸಿದರು.

ಉಪಾಧ್ಯಾಯರ ಪ್ರಶ್ನೆಯೇ ನೇರವಾಗಿ ಕಾರಣವಾದುದು 1952ರಲ್ಲಿ. ವರಂಗಲ್ಲಿನಲ್ಲಿ ಹೊರಗಿನವರನ್ನು ಉಪಾಧ್ಯಾಯರಾಗಿ ನೇಮಿಸಿದರೆಂಬ ದೂರಿನಿಂದ ಮೊದಲಾದ ಮುಲ್ಕಿ ಚಳವಳಿಯು ವಿದ್ಯಾರ್ಥಿಗಳ ಮುಷ್ಕರವಾಗಿ, ಸೆಪ್ಟೆಂಬರಿನಲ್ಲಿ ಹೈದರಾಬಾದು ನಗರದಲ್ಲಿ ಗೋಲೀಬಾರಿನವರೆಗೆ ಹೋಯಿತು. ರಾಯಚೂರು ಆಗ ಅದೇ ರಾಜ್ಯದ ಜಿಲ್ಲೆ. ಉಪಾಧ್ಯಾಯನ ಹುದ್ದೆಯು ಆ ವೇಳೆಗೆ ಒಂದು ಸರಕಾರಿ ಜೀವನೋಪಾಯವಾಗಿ, ಅದಕ್ಕಾಗಿ ಜನ ಬೀದಿಗಿಳಿಯುವಷ್ಟು ಬೆಲೆಯುಳ್ಳದ್ದಾಗಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

4

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಅದುವರೆಗೆ ಅದರಲ್ಲಿದ್ದ ಗದ್ವಾಲ್, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. ಅಂದಿನಿಂದ ಹಳ್ಳಿಹಳ್ಳಿಗೆ ಶಾಲೆ ಬಂದಿತು. ಐಗಳ ಸ್ಥಾನದಲ್ಲಿ ಸಂಬಳದ ಮಾಸ್ತರರು ಬಂದರು. ಮಾಸ್ತರರು ಊರಿನ ಜೋಳದ ಹಂಗಿನಿಂದ ಬಿಡುಗಡೆ ಹೊಂದಿದರು. ಅವರ ತಕರಾರು ಇನ್ನು ಊರಿನೊಡನೆ ಇರದೆ ಸರಕಾರದೊಡನೆ ಇರುವಂತಾಯಿತು. ಆದರೆ ತಕರಾರು ಎದ್ದಾಗ ಮುಚ್ಚುವ ಬಾಗಿಲು ಮಾತ್ರ ಊರಿನದೇ. ಆಧುನಿಕ ಮುಷ್ಕರದ ತೊಡಕೆಲ್ಲ ಈ ಒಂದು ಬದಲಾವಣೆಯಲ್ಲಿ ಅಡಗಿದೆ.

ಸರಕಾರಿ ನೌಕರರ ನಡತೆ ನಿಯಮಗಳು ಮುಷ್ಕರವನ್ನು ಒಪ್ಪುವುದಿಲ್ಲ. 2003ರಲ್ಲಿ ತಮಿಳುನಾಡಿನ ನೌಕರರ ಮತ್ತು ಉಪಾಧ್ಯಾಯರ ಮುಷ್ಕರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ಹೇಳಿತು. ಹಾಗಿದ್ದೂ ಮುಷ್ಕರಗಳು ನಿಂತಿಲ್ಲ. ಈಚಿನ ಮೂರು ಸಂದರ್ಭಗಳು ಇಲ್ಲಿ ಪ್ರಸ್ತುತವಾಗಿವೆ.

ಮೊದಲನೆಯದು 2023ರ ಮಾರ್ಚ್ 1ರ ರಾಜ್ಯವ್ಯಾಪಿ ಮುಷ್ಕರ. ಏಳನೆಯ ವೇತನ ಆಯೋಗದ ಲಾಭವನ್ನೂ ಹಳೆಯ ಪಿಂಚಣಿ ಪದ್ಧತಿಯನ್ನೂ ಕೋರಿ ರಾಜ್ಯ ಸರಕಾರಿ ನೌಕರರ ಸಂಘವು ಅನಿರ್ದಿಷ್ಟ ಕಾಲದ ಮುಷ್ಕರಕ್ಕೆ ಕರೆಯಿತ್ತಿತು. ಪದವಿಪೂರ್ವ ಪರೀಕ್ಷೆಗಳಿಗೆ ಆಗ ಎಂಟೇ ದಿನಗಳು ಉಳಿದಿದ್ದುವು. ಸರಕಾರವು ಅಂದೇ ನೂರಕ್ಕೆ 17ರಷ್ಟು ಮಧ್ಯಂತರ ಪರಿಹಾರವನ್ನು ಘೋಷಿಸಿತು. ಮುಷ್ಕರವು ಒಂದೇ ದಿನದಲ್ಲಿ ಮುಗಿಯಿತು. ಎರಡನೆಯದು 2024ರ ಆಗಸ್ಟ್ 12ರಂದು ಪ್ರಾಥಮಿಕ ಶಾಲಾ ಉಪಾಧ್ಯಾಯರು 2017ರ ವೃಂದ ಮತ್ತು ನೇಮಕಾತಿ ನಿಯಮಗಳನ್ನು ವಿರೋಧಿಸಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಡೆಸಿದ ಪ್ರತಿಭಟನೆ. ದೇವದುರ್ಗದ ಮಾಸ್ತರರಿಗೆ ಬೆಂಗಳೂರಿನಲ್ಲಿ ಒಂದು ದಿನದ ಪ್ರತಿಭಟನೆಯೆಂದರೆ ಹೋಗಲೊಂದು ರಾತ್ರಿ, ಬರಲೊಂದು ರಾತ್ರಿ. ರಾಜಧಾನಿಯ ಲೆಕ್ಕದ ಒಂದು ದಿನವು ಗಡಿಯ ತಾಲೂಕಿನಲ್ಲಿ ಒಂದೇ ದಿನವಾಗಿ ಉಳಿಯುವುದಿಲ್ಲ.

ಮೂರನೆಯದು ನಮ್ಮ ಕಾಲೇಜುಗಳಿಗೇ ಸಂಬಂಧಿಸಿದುದು. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು, ಹತ್ತು ಸಾವಿರಕ್ಕೂ ಮಿಕ್ಕಿದವರು, 2021ರ ಡಿಸೆಂಬರಿನಿಂದ 2022ರ ಜನವರಿಯವರೆಗೂ, ಮತ್ತೆ 2023ರ ನವೆಂಬರಿನಿಂದಲೂ ತರಗತಿಗಳನ್ನು ಬಹಿಷ್ಕರಿಸಿದರು. ಮೊದಲ ಸಲ ಅವರ ಗೌರವಧನವು 11 ಮತ್ತು 13 ಸಾವಿರ ರೂಪಾಯಿಗಳಿಂದ ಅರ್ಹತೆ ಸೇವೆಗಳಿಗನುಸಾರ 26ರಿಂದ 32 ಸಾವಿರಕ್ಕೆ ಏರಿತು. ಎಂದಮೇಲೆ ಅದಕ್ಕೆ ಮೊದಲಿನ ಸ್ಥಿತಿ ಎಂಥದಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾಯಂ ನೌಕರನ ಮುಷ್ಕರವು ಒಂದು ದಿನದಲ್ಲಿ ಫಲಿಸಿದರೆ, ಕಾಯಂ ಅಲ್ಲದವನ ಮುಷ್ಕರವು ವಾರಗಟ್ಟಲೆ ನಡೆಯಬೇಕಾಯಿತೆಂಬುದೂ, ಆ ವಾರಗಳಲ್ಲಿ ಪಾಠ ಕಳೆದುಕೊಂಡವರು ಸರಕಾರಿ ಕಾಲೇಜನ್ನೇ ನಂಬಿದ ವಿದ್ಯಾರ್ಥಿಗಳೆಂಬುದೂ ಲಕ್ಷಿಸತಕ್ಕ ಅಂಶಗಳು.

ನೆರೆಯ ಸೀಮೆಯ ಅನುಭವವು ಇನ್ನೂ ದೀರ್ಘವಾದುದು. 2011ರ ಸೆಪ್ಟೆಂಬರ್ 13ರಿಂದ ತೆಲಂಗಾಣದಲ್ಲಿ ನಡೆದ ಸಕಲ ಜನರ ಮುಷ್ಕರವು 42 ದಿನಗಳ ಕಾಲ ನಡೆಯಿತು. ಉಪಾಧ್ಯಾಯರೂ ಅದರಲ್ಲಿ ಪಾಲ್ಗೊಂಡರು. ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯಾಗಿದ್ದ ಗದ್ವಾಲ್ ಸೀಮೆಯೂ ಆ ಮುಷ್ಕರದ ಪ್ರದೇಶದೊಳಗಿತ್ತು. ಇದಕ್ಕೆ ಹೋಲಿಸಿದರೆ ರಾಯಚೂರಿನ ಕಡೆಯ ಶಾಲಾ ಮುಷ್ಕರಗಳು ಅಲ್ಪಕಾಲದವು.

5

ಕಾಲವು ಅಲ್ಪವಾದರೂ ಭಾರವು ಸಮನಾಗಿ ಹಂಚಿಕೆಯಾಗುವುದಿಲ್ಲ. ರಾಯಚೂರು ನಗರದಲ್ಲಿ ಖಾಸಗಿ ಶಾಲೆಗಳು ಹೇರಳವಾಗಿವೆ. ಸರಕಾರಿ ನೌಕರರ ಮುಷ್ಕರವು ಅವುಗಳ ಬಾಗಿಲನ್ನು ಮುಟ್ಟುವುದಿಲ್ಲ. ಮುಷ್ಕರ ಹೂಡಿದ ನೌಕರನ ಮಗುವು ಅಂದು ತರಗತಿಯಲ್ಲಿ ಕುಳಿತಿರುವುದೂ ಅಸಂಭವವಲ್ಲ. ಮಾನವಿ, ದೇವದುರ್ಗಗಳ ಹಳ್ಳಿಗಳಲ್ಲಿ ಸರಕಾರಿ ಶಾಲೆಯು ಬಿಟ್ಟರೆ ಬೇರೆ ಶಾಲೆಯಿಲ್ಲದ ಊರುಗಳು ಅನೇಕ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ಹಿಂದುಳಿದ ತಾಲೂಕುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಈ ಎರಡು ತಾಲೂಕುಗಳೂ ಆ ಪಟ್ಟಿಯಲ್ಲಿದ್ದುವು.

ಹಳ್ಳಿಯ ಸಂಸಾರಕ್ಕೆ ಶಾಲೆಯು ಪಾಠದ ಸ್ಥಳ ಮಾತ್ರವಾಗಿ ಉಳಿದಿಲ್ಲ. 2001ರ ಸರ್ವೋಚ್ಚ ನ್ಯಾಯಾಲಯದ ಆದೇಶವನ್ನನುಸರಿಸಿ ಬೇಯಿಸಿದ ಊಟವನ್ನು ಕೊಡುವ ಅಕ್ಷರ ದಾಸೋಹವು 2002ರಲ್ಲಿ ಮೊದಲು ಬಂದುದು ರಾಯಚೂರು ಸೇರಿದ ಈಶಾನ್ಯ ಭಾಗದ ಜಿಲ್ಲೆಗಳಿಗೆ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆಯ ಕಾರಣದಿಂದಲೇ ಈ ಭಾಗದ ಮಕ್ಕಳಿಗೆ ಮೊಟ್ಟೆಯನ್ನೂ ಸೇರಿಸಲಾಯಿತು. ಅಡುಗೆಯ ಹೆಂಗಸರು ಮುಷ್ಕರದಲ್ಲಿಲ್ಲದಿದ್ದರೂ ದಾಸ್ತಾನಿನ ಹೊಣೆಯು ಮುಖ್ಯೋಪಾಧ್ಯಾಯರದಾದುದರಿಂದ ಶಾಲೆ ಮುಚ್ಚಿದಂದು ಒಲೆಯೂ ಹೊತ್ತುವುದಿಲ್ಲ.

ಇನ್ನು ದುಡಿಮೆಯ ಮಾತು. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರು ಮಾನವಿಗೂ, ನಾರಾಯಣಪುರ ಬಲದಂಡೆಯ ನೀರು ದೇವದುರ್ಗಕ್ಕೂ ಬಂದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿಗಳ ಕೃಷಿ ಬೆಳೆದು ಕೂಲಿಯವರಿಗೆ ಬೇಡಿಕೆಯುಂಟಾಯಿತು. ಹತ್ತಿ ಬಿಡಿಸುವುದಕ್ಕೆ ಸಣ್ಣ ಕೈಗಳು ಸಾಕು. ಶಾಲೆಯಿದ್ದರೆ ಮಗುವನ್ನು ಹೊಲಕ್ಕೆ ಕಳುಹದಿರುವುದಕ್ಕೆ ತಾಯಿಗೆ ಒಂದು ಕಾರಣವಿರುತ್ತದೆ. ಶಾಲೆ ಮುಚ್ಚಿದರೆ ಆ ಕಾರಣ ಹೋಗುತ್ತದೆ. ಮಗುವು ತೀರ ಸಣ್ಣದಾದರೆ ತಾಯಿಯೇ ಕೂಲಿ ಬಿಡಬೇಕು. ಇಲ್ಲವೆ ಅಕ್ಕನಾದವಳು ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲಬೇಕು. ಬೆಂಗಳೂರು, ಹೈದರಾಬಾದು, ಪುಣೆಗಳ ಕಡೆಗೆ ಗುಳೆ ಹೋಗುವ ಮನೆಗಳಲ್ಲಿ ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋಗುವುದಕ್ಕೆ ಶಾಲೆಯೇ ಆಧಾರ. ಆ ಆಧಾರದ ಮೇಲಣ ವಿಶ್ವಾಸವು ಕುಂದಿದರೆ ಮಗುವೂ ಗಂಟಿನೊಡನೆ ಹೊರಡುತ್ತದೆ.

ಈ ಬಗೆಯ ಪರಿಣಾಮವು ನಮ್ಮಲ್ಲಿ ಮಾತ್ರ ಇರುವುದಲ್ಲ. ಅರ್ಜೆಂಟೀನಾ ದೇಶದ ಉಪಾಧ್ಯಾಯರ ಮುಷ್ಕರಗಳನ್ನು ಕುರಿತು ಜೌಮೆ ಮತ್ತು ವಿಲ್ಲೆನ್ ಎಂಬ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಾಥಮಿಕ ಶಾಲೆಯ ಅವಧಿಯಲ್ಲಿ ಒಟ್ಟು ಸುಮಾರು 88 ದಿನಗಳ ಪಾಠವನ್ನು ಮುಷ್ಕರದಿಂದ ಕಳೆದುಕೊಂಡವರ ಸಂಪಾದನೆಯು ಪ್ರಾಯದಲ್ಲಿ ನೂರಕ್ಕೆ ಎರಡು ಮೂರರಷ್ಟು ಕಡಿಮೆಯಾಗಿದ್ದಿತು. ಅವರದೇ ಇನ್ನೊಂದು ಅಧ್ಯಯನವು ಮುಷ್ಕರದ ಕಾಲದಲ್ಲಿ ಸಣ್ಣ ಮಕ್ಕಳ ತಾಯಂದಿರು ದುಡಿಮೆಯಿಂದ ಹಿಂದೆ ಸರಿದುದನ್ನು ತೋರಿಸಿತು. ದೇಶ ಬೇರೆಯಾದರೂ ಭಾರ ಬೀಳುವ ಹೆಗಲು ಬೇರೆಯಲ್ಲ.

6

ಆದರೆ ಈ ನಷ್ಟವನ್ನೆಲ್ಲ ಮುಷ್ಕರದ ತಲೆಗೇ ಕಟ್ಟುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ನಮ್ಮ ಕಾಲದಲ್ಲಿ ಶಾಲೆಯನ್ನು ಅತಿ ದೀರ್ಘವಾಗಿ ಮುಚ್ಚಿದುದು ಕೊರೋನಾ ಪಿಡುಗು. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ನಡುವೆ ಓಣಿಯ ಕಟ್ಟೆಗಳಲ್ಲಿ ಕಲಿಸುವ ವಿದ್ಯಾಗಮವು 2020ರ ಆಗಸ್ಟಿನಲ್ಲಿ ಆರಂಭವಾಗಿ ಅಕ್ಟೋಬರಿನಲ್ಲಿ ನಿಂತಿತು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಉಪಾಧ್ಯಾಯರನ್ನು ಗಣತಿದಾರರನ್ನಾಗಿ ನಿಯೋಜಿಸಿದ ಸರಕಾರವು ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿತು. 2023ರ ಮುಷ್ಕರವು ಕಳೆದುದು ಒಂದು ದಿನ. ಈ ಸಮೀಕ್ಷೆಗೆ ಹೋದುದು ಸುಮಾರು ಹತ್ತು ದಿನ. ಇಲ್ಲಿಯೂ ಖಾಸಗಿ ಶಾಲೆಗಳು ಈ ವಿಸ್ತರಣೆಯ ಹೊರಗಿದ್ದುವೆಂಬುದನ್ನು ಮರೆಯಲಾಗದು.

ಇವೆರಡಕ್ಕಿಂತಲೂ ಆಳವಾದುದು ಬೀಗ ಹಾಕದೆಯೆ ಮುಚ್ಚಿದ ಶಾಲೆ. ಎಂದರೆ ಉಪಾಧ್ಯಾಯನ ಹುದ್ದೆ ಖಾಲಿಯಿರುವ ಶಾಲೆ. ಸ್ವಂತ ಜಿಲ್ಲೆಗೆ ವರ್ಗ ಬಯಸುವವರು ಹೋದ ಮೇಲೆ ಆ ಸ್ಥಾನವು ತೆರವಾಗಿಯೇ ಉಳಿಯುವುದು ಈ ಭಾಗದ ಹಳೆಯ ರೋಗ. 371ನೆಯ ವಿಧಿಯ ಜೆ ಖಂಡದ ತರುವಾಯ ಸ್ಥಳೀಯರಿಗೆ ಮೀಸಲಾತಿ ದೊರೆತು, 2022ರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕದಲ್ಲಿ 5,000 ಹುದ್ದೆಗಳು ಕಲ್ಯಾಣ ಕರ್ನಾಟಕಕ್ಕೆ ಗೊತ್ತಾದುವು. ಇದು ಒಳ್ಳೆಯ ಹೆಜ್ಜೆ. ಆದರೂ ಅತಿಥಿ ಶಿಕ್ಷಕರ ಮೇಲೆಯೇ ನಿಂತ ಶಾಲೆಗಳು ಇನ್ನೂ ಇವೆ. ನಾಲ್ವರಿರಬೇಕಾದಲ್ಲಿ ಒಬ್ಬರೇ ಇದ್ದರೆ, ಆ ಒಬ್ಬರು ಮುಷ್ಕರಕ್ಕೆ ಹೋದಂದು ಮಾತ್ರವಲ್ಲ, ತಾಲೂಕಿನ ಸಭೆಗೆ ಹೋದಂದೂ ಶಾಲೆ ಮುಚ್ಚುತ್ತದೆ.

7

ಈ ವಿವೇಚನೆಯಿಂದ ತೋರಿಬರುವುದೇನೆಂದರೆ, ರಾಯಚೂರು ಸೀಮೆಯ ಶಾಲೆಗಳು ಬರದಿಂದ, ಪ್ರಭುತ್ವದ ಆಜ್ಞೆಯಿಂದ, ರಾಜಕೀಯ ಹೋರಾಟದಿಂದ, ವೇತನದ ತಕರಾರಿನಿಂದ, ಪಿಡುಗಿನಿಂದ ಮುಚ್ಚಿವೆ. ಕಾರಣಗಳು ಬದಲಾದರೂ ಭಾರ ಹೊತ್ತವರು ಬದಲಾಗಲಿಲ್ಲ. 1938ರಲ್ಲಿ ನಾಗಪುರದ ದಾರಿಯಿದ್ದ ಮನೆಗೂ ಇಲ್ಲದ ಮನೆಗೂ ಇದ್ದ ಅಂತರವೇ ಇಂದು ನಗರದ ಖಾಸಗಿ ಶಾಲೆಗೂ ದೇವದುರ್ಗದ ಹಳ್ಳಿಯ ಶಾಲೆಗೂ ಇದೆ.

ಹಾಗೆಂದು ಉಪಾಧ್ಯಾಯನು ಅನ್ಯಾಯವನ್ನು ಸಹಿಸಿಕೊಂಡಿರಬೇಕೆಂದು ಹೇಳುವುದು ಸರಿಯಲ್ಲ. ಸುಗ್ಗಿಯ ಜೋಳಕ್ಕಾಗಿ ಕಾಯುತ್ತಿದ್ದ ಐಗಳ ಕಾಲಕ್ಕೆ ಯಾರೂ ಮರಳಲಾರರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಐದನೆಯ ತರಗತಿಯವರೆಗೆ 200, ಆರರಿಂದ ಎಂಟರವರೆಗೆ 220 ಕೆಲಸದ ದಿನಗಳನ್ನು ವಿಧಿಸಿದೆ. ಮುಷ್ಕರದಿಂದ ಹೋಗಲಿ, ಸಮೀಕ್ಷೆಯಿಂದ ಹೋಗಲಿ, ಹೋದ ದಿನವು ಮಗುವಿಗೆ ಸಲ್ಲತಕ್ಕ ಸಾಲ. ಅದನ್ನು ಹಿಂದಿರುಗಿಸುವ ಹೊಣೆ ಸರಕಾರಕ್ಕೂ ಉಂಟು, ನಮಗೂ ಉಂಟು. ಪಾಠ ನಿಂತರೂ ಒಲೆ ನಿಲ್ಲದಂತೆ ಊಟದ ಏರ್ಪಾಡನ್ನು ಬೇರ್ಪಡಿಸುವುದು ಅಸಾಧ್ಯವಲ್ಲ. ಕೊರೋನಾ ಕಾಲದಲ್ಲಿ ಧಾನ್ಯವನ್ನು ಮನೆಗೇ ಕೊಡಲಾಗಿದ್ದಿತು. ಮುಷ್ಕರದ ಕರೆಪತ್ರದಲ್ಲಿ ಬೇಡಿಕೆಗಳ ಪಟ್ಟಿಯೊಡನೆ, ಕಳೆದ ಪಾಠವನ್ನು ಯಾವ ದಿನಗಳಲ್ಲಿ ತುಂಬಿಕೊಡುವೆವೆಂಬ ಒಂದು ಸಾಲನ್ನು ನಮ್ಮ ಸಂಘಗಳು ಸೇರಿಸುವುದಾದರೆ, ಹೊಲದ ಬದುವಿನಲ್ಲಿ ನಿಂತ ತಾಯಿಯೂ ಆ ಬೇಡಿಕೆಗಳನ್ನು ತನ್ನವೆಂದು ತಿಳಿಯಬಹುದು.